ಆಕ್ಷೇಪಣೆ ಇಲ್ಲ

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರ ಮುಂದೆ ನಾಲ್ಕು ಮಾತು ಆಡಿ ಎಂದು ಈಚೆಗೆ ನನ್ನನ್ನು ಕರೆದಿದ್ದರು. ಕರಿಹಲಗೆಯ ಮೇಲೆ ‘ವೃತ್ತಿಯ ಸವಿನೆನಪು’ ಎಂದು ದುಂಡಗೆ ಬರೆದಿದ್ದರು. ನಾನು ಎದ್ದು, ನನ್ನ ಕೆಲಸದಲ್ಲಿ ಸವಿ ಇರಲಿಲ್ಲ, ಮಂಡ್ಯದಲ್ಲಿ ಸಿಹಿ ಬೇಕಾದವರು ಸಕ್ಕರೆ ಕಾರ್ಖಾನೆಗೆ ಸೇರಿಕೊಂಡರು ಎಂದೆ. ಹುಡುಗರು ನಕ್ಕರು. ಆಮೇಲೆ ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಅರ್ಧದಲ್ಲೇ ಹಾರ ಹಾಕಿ, ನಿಂಬೆಹಣ್ಣು ಕೊಟ್ಟು ಕೂರಿಸಿಬಿಟ್ಟರು. ಅಲ್ಲಿ ಉಳಿದುಹೋದದ್ದನ್ನು ಇಲ್ಲಿ ಬರೆಯುತ್ತೇನೆ. ಬರವಣಿಗೆಗೆ ಯಾರೂ ಅರ್ಧದಲ್ಲಿ ಹಾರ ಹಾಕುವ ಹಾಗಿಲ್ಲ.

ನನ್ನ ಹೆಸರು ಬೋರೇಗೌಡ. ಮದ್ದೂರು ಕಡೆಯ ಒಕ್ಕಲು ಮನೆಯವನು. ಮಂಡ್ಯ ಜಿಲ್ಲೆಯಾದ ಹೊಸದರಲ್ಲಿ ಮಲೇರಿಯಾ ಇನ್ಸ್‌ಪೆಕ್ಟರ್ ಆಗಿ ಕೆಲಸಕ್ಕೆ ಸೇರಿದೆ. ಮಂಡ್ಯದ ಅಂಚಿನ ಗುತ್ತಲಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಇನ್ಸ್‌ಪೆಕ್ಟರ್ ಎಂದರೆ ಟೋಪಿ, ಲಾಠಿ ಎಂದು ನಮ್ಮವ್ವ ಊರಿಗೆಲ್ಲ ಸಾರಿದ್ದಳು. ನನಗೆ ಕೊಟ್ಟದ್ದು ಒಂದು ಗಾಜಿನ ಕೊಳವೆ, ಒಂದು ಬಿಳಿ ಸೌಟು. ಬೆಳಕು ಹರಿಯುವ ಮುಂಚೆ ದನದ ಕೊಟ್ಟಿಗೆಗಳಿಗೆ ನುಗ್ಗಿ, ಗೋಡೆಗೆ ಕೂತ ಸೊಳ್ಳೆಯನ್ನು ಆ ಕೊಳವೆಯಿಂದ ಬಾಯಲ್ಲಿ ಹೀರಿ ಹಿಡಿಯಬೇಕು. ಹೊತ್ತೇರಿದ ಮೇಲೆ ಗದ್ದೆ, ಕಾಲುವೆ, ಹಳ್ಳಗಳಲ್ಲಿ ಸೌಟು ಅದ್ದಿ ಸೊಳ್ಳೆಮರಿ ಹುಡುಕಬೇಕು. ಆಮೇಲೆ ಊರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಜ್ವರಗಡ್ಡೆ ಬೆಳೆದಿದೆಯೇ ಎಂದು ಒತ್ತಿ ನೋಡಬೇಕು.

“ಮಗೀನ್ ಒಟ್ಟೆ ಯಾಕ್ಲಾ ಇಸುಕ್ತೀಯ? ಇಟ್ಟು ಕೊಡಾಕೆ ಬಂದಿದ್ದೀಯೋ, ಇಸ್ಕಂಡ್ ಓಗಾಕೆ ಬಂದಿದ್ದೀಯೋ?” ಎಂದು ತಾಯಂದಿರು ಗದರುತ್ತಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಹಿಟ್ಟು ತಿಂದು ತುಂಬಬೇಕಾದ ಹೊಟ್ಟೆ ಗಡ್ಡೆಯಿಂದ ತುಂಬಿರುತ್ತಿತ್ತು.

ನಾಲೆ ಬರುವ ಮುಂಚೆ ನಮ್ಮ ಕಡೆ ರಾಗಿ, ಹುರುಳಿ, ಎಳ್ಳು. ನಾಲೆ ಬಂತು, ಭತ್ತ ಬಂತು, ಕಬ್ಬು ಬಂತು, ಹೆಂಚಿನ ಮನೆ ಬಂತು, ಅವುಗಳ ಬೆನ್ನಿಗೇ ಚಳಿಜ್ವರವೂ ಬಂತು. ನೀರು ತಂದವರನ್ನು ಬೈಯುವ ಒಕ್ಕಲಿನವನು ಇನ್ನೂ ಹುಟ್ಟಿಲ್ಲ, ನಾನೂ ಬೈಯುವುದಿಲ್ಲ. ಆದರೆ ನೀರು ಎಲ್ಲಿಂದ ಬರಬೇಕು ಎಂದು ತಲೆ ಕೆಡಿಸಿಕೊಂಡಷ್ಟು ಅದು ಗದ್ದೆ ದಾಟಿ ಎಲ್ಲಿಗೆ ಹೋಗಬೇಕು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬಸಿಗಾಲುವೆ ಇಲ್ಲದೆ ಊರಿನ ಸುತ್ತ ನೀರು ನಿಂತಿತು. ನಿಂತ ಕಡೆ ಸೊಳ್ಳೆ ಸಂಸಾರ ಹೂಡಿತು.

ನನ್ನ ಮೇಲಧಿಕಾರಿ ಡಾಕ್ಟರ್ ಪದ್ಮನಾಭಯ್ಯ. ಮುಚ್ಚುಕಾಲರಿನ ಕೋಟು, ಜರಿಪೇಟ. ವಿದೇಶದಲ್ಲಿ ಓದಿ ಬಂದವರು. ಪೇಟ ಬಿಚ್ಚಿ ಬದುವಿನ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ನನ್ನ ಜೊತೆ ಮಂಡಿಯುದ್ದ ಕೆಸರಿಗೆ ಇಳಿಯುತ್ತಿದ್ದರು. ಎಲ್ಲ ಸೊಳ್ಳೆಯೂ ಜ್ವರ ತರುವುದಿಲ್ಲ, ಕೊಚ್ಚೆಯ ಸೊಳ್ಳೆ ಬೇರೆ, ಹುಲ್ಲು ಬೆಳೆದ ತಿಳಿನೀರಿನ ಅಂಚಿನಲ್ಲಿ ಮರಿ ಮಾಡುವ ಈ ಸಣ್ಣ ಸೊಳ್ಳೆಯೇ ನಮ್ಮ ಶತ್ರು ಎಂದು ಸೂಕ್ಷ್ಮದರ್ಶಕದಲ್ಲಿ ಅದರ ರೆಕ್ಕೆಯ ಚುಕ್ಕೆ ತೋರಿಸಿ ಕಲಿಸಿದವರು ಅವರು. ನಾನು ಕಲಿತದ್ದೆಲ್ಲ ಅವರಿಂದಲೇ. ಮುಂದೆ ಬರೆಯುವುದನ್ನು ಓದುವಾಗ ಇದನ್ನು ಮರೆಯಬೇಡಿ.

ಆ ಕಾಲದಲ್ಲಿ ನಮಗೆ ಸಲಹೆ ಕೊಡುವವರಿಗೇನೂ ಬರವಿರಲಿಲ್ಲ. ಪರದೇಶದಿಂದ ಒಬ್ಬ ದೊಡ್ಡ ಪಂಡಿತ ಬಂದ. ಸೊಳ್ಳೆಮರಿ ತಿನ್ನುವ ಸಣ್ಣ ಮೀನನ್ನು ಕಾಲುವೆಗೆ ಬಿಡಿ, ಎಲ್ಲ ಸರಿಹೋಗುತ್ತದೆ ಎಂದ. ಪೀಪಾಯಿಗಟ್ಟಲೆ ಮೀನು ತರಿಸಿ, ಪೂಜೆ ಮಾಡಿ ಬಿಟ್ಟೆವು. ಅವನು ಬಂದದ್ದು ನಾಲೆಗೆ ನೀರು ಕಡಿಮೆ ಇದ್ದಾಗ. ಅವನು ರೈಲು ಹತ್ತಿದ, ಇತ್ತ ತೂಬು ಎತ್ತಿದರು. ರಭಸಕ್ಕೆ ಮೀನೆಲ್ಲ ಕೊಚ್ಚಿಕೊಂಡು ಶಿಂಷಾ ಹೊಳೆಯ ಕಡೆಗೆ ಹೋದವು. ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಆಗ ಕೊಕ್ಕರೆಗಳು ಮರಿ ಮಾಡಿದ್ದವು. ಸರ್ಕಾರದ ಮೀನು ತಿಂದು ಆ ಮರಿಗಳು ದುಂಡಗಾದವು. ನಾಲೆಗೆ ನೀರು ಯಾವಾಗ ಬರುತ್ತದೆ ಎಂದು ಆ ಪಂಡಿತ ಒಬ್ಬನನ್ನಾದರೂ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅವನ ವರದಿಯಲ್ಲಿ ಮಾತ್ರ ಆ ಕೆಲಸ ‘ಆಶಾದಾಯಕ’ ಎಂದೇ ಇದೆ.

ಪದ್ಮನಾಭಯ್ಯನವರ ದಾರಿ ಬೇರೆ. ಅವರು ಮೊದಲು ನೀರಿನ ನಡೆ ನೋಡಿದರು. ಕೆಲವು ದಿನ ನೀರು ಹರಿಸುವುದು, ಆಮೇಲೆ ತೂಬು ಇಳಿಸಿ ಗದ್ದೆ ಆರಲು ಬಿಡುವುದು. ಮರಿಗೆ ರೆಕ್ಕೆ ಬರುವುದರೊಳಗೆ ನೀರು ಬತ್ತಿದರೆ ಅದು ಅಲ್ಲೇ ಸಾಯುತ್ತದೆ. ಭತ್ತಕ್ಕೆ ಅದರಿಂದ ಕೇಡಿಲ್ಲ. ಇನ್ನೊಂದು, ಊರಿನ ಒತ್ತಿನ ಜಮೀನಿನಲ್ಲಿ ಭತ್ತ ಬೇಡ, ರಾಗಿ ಇರಲಿ. ಇಷ್ಟೇ. ಕಾಸಿನ ಖರ್ಚಿಲ್ಲದ ಉಪಾಯ. ನಾಲೆಯ ಎಂಜಿನಿಯರು ಮೊದಲು ಮೂಗು ಮುರಿದು, ಆಮೇಲೆ ಒಂದು ಕವಲುಗಾಲುವೆಯಲ್ಲಿ ಮಾಡಿನೋಡಲು ಒಪ್ಪಿದರು. ಆ ಕಾಲುವೆಯ ಮೇಲಿದ್ದ ಊರು ಮದ್ದೂರು ತಾಲ್ಲೂಕಿನ ಬಿಳಿಕಲ್ಲುದೊಡ್ಡಿ.

ಆ ಊರನ್ನು ಒಪ್ಪಿಸುವ ಕೆಲಸ ನನಗೆ ಬಿತ್ತು. ಊರಲ್ಲಿ ಪುಟ್ಟತಾಯಮ್ಮ ಎಂಬ ವಿಧವೆ ಇದ್ದಳು. ಗಂಡ ಸತ್ತ ಮೇಲೆ ಜಮೀನನ್ನು ತಾನೇ ನಿಂತು ಮಾಡಿಸಿದವಳು, ಊರಿನ ಗಂಡಸರು ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. ಅವಳ ಒಳ್ಳೆಯ ಗದ್ದೆ ಇದ್ದದ್ದು ಊರಿಗೆ ಅಂಟಿಕೊಂಡೇ. ಜಗುಲಿಯ ಮೇಲೆ ಕೂತು ನನ್ನ ಮಾತನ್ನೆಲ್ಲ ಕೇಳಿ, ಎಲೆ ಅಡಿಕೆ ಉಗಿದು ಬಂದಳು.

“ನೀರ್ ನಿಲ್ಸುದ್ರೆ ಸೊಳ್ಳೆಮರಿ ಸಾಯ್ತದೆ ಅಂತೀಯ. ನೀನೇ ಕಣ್ಣಲ್ಲಿ ನೋಡಿದ್ದೀಯಾ?”

“ನೋಡಿವ್ನಿ ಕಣವ್ವ. ಬಾ, ನಿಂಗೂ ತೋರುಸ್ತೀನಿ.”

ನೀರು ಆರಿದ ಗದ್ದೆಯ ಗುಳಿಯೊಂದರಲ್ಲಿ ಸತ್ತ ಮರಿಗಳನ್ನು ತೋರಿಸಿದೆ. ಅವಳು ಬಗ್ಗಿ, ಬೆರಳಲ್ಲಿ ಒತ್ತಿ ನೋಡಿದಳು.

“ಸರಿ, ಊರ್ ಒತ್ತಿನ್ ಗದ್ದೇಗೆ ಬತ್ತ ಆಕಾಕಿಲ್ಲ, ಬುಡು. ಆದ್ರೆ ನಾನ್ ಬುಟ್ರೆ ಎಲ್ರೂ ಬುಡ್ಬೇಕು. ನಾಳೀಕೆ ಪಟೇಲ ಆಕ್ದ, ಅವನ್ ಭಾವಮೈದ ಆಕ್ದ ಅಂತ ಕಂಡ್ರೆ, ನಿನ್ ಗಾಜಿನ್ ಕೊಳ್ವೆ ಕಿತ್ಕಂಡು ಒಲೆಗ್ ಆಕ್ಬುಡ್ತೀನಿ ಕಣಪ್ಪ!”

ಎಲ್ಲರೂ ಬಿಟ್ಟರು. ಮೊದಲ ಬೆಳೆಯಲ್ಲೇ ಜ್ವರ ಇಳಿಯಿತು. ಮರುವರ್ಷ ಮಕ್ಕಳ ಹೊಟ್ಟೆ ಮುಟ್ಟಿದರೆ ಬೆರಳು ಮೆತ್ತಗೆ ಒಳಗೆ ಹೋಗುತ್ತಿತ್ತು. ಆ ಸುಖವನ್ನು ನಿಮಗೆ ಹೇಗೆ ಹೇಳಲಿ? ಭತ್ತವೂ ಕಡಿಮೆಯಾಗಲಿಲ್ಲ. ಪುಟ್ಟತಾಯಮ್ಮ ಮಗನಿಗೆ ಮದುವೆ ಮಾಡಿದಳು. ಸೊಸೆ ಸಾಕಮ್ಮ ಹಲಗೂರಿನ ಕಡೆಯ ಹುಡುಗಿ. ನಾನು ಹೋದಾಗಲೆಲ್ಲ ಮಜ್ಜಿಗೆ ತಂದಿಟ್ಟು, “ಸೊಳ್ಳೆಯಣ್ಣ ಬಂದವ್ರೆ ಕಣತ್ತೆ” ಎಂದು ಒಳಗೆ ಕೂಗುತ್ತಿದ್ದಳು.

ಅಷ್ಟರಲ್ಲಿ ಯುದ್ಧ ಪೂರ್ವಕ್ಕೆ ತಿರುಗಿತು. ಜಪಾನಿನವರು ಜಾವಾ ಹಿಡಿದರು, ಬರ್ಮಾ ಹಿಡಿದರು. ಜಾವಾ ಎಲ್ಲಿದೆ ಎಂದು ಬಿಳಿಕಲ್ಲುದೊಡ್ಡಿಯವರಿಗೆ ಹೇಗೆ ಗೊತ್ತಿರಬೇಕು? ಆದರೆ ನಾವು ಕೊಡುತ್ತಿದ್ದ ಜ್ವರದ ಔಷಧಿ ಕ್ವಿನೈನಿಗೆ ಬೇಕಾದ ಮರದ ತೊಗಟೆ ಅಲ್ಲಿಂದಲೇ ಬರಬೇಕಿತ್ತು. ಬರ್ಮಾದಿಂದ ಅಕ್ಕಿ ಬರಬೇಕಿತ್ತು. ಎರಡೂ ನಿಂತವು. ಸೊಳ್ಳೆಯ ಮೇಲೆ ಹೊಡೆಯುವ ಎಣ್ಣೆ ಸೈನ್ಯಕ್ಕೆ ಹೋಯಿತು. ಕ್ವಿನೈನಿನ ಬದಲು ಬಂದ ಹಳದಿ ಮಾತ್ರೆಯೂ ಸೈನ್ಯಕ್ಕೇ ಹೋಯಿತು. ಸಿಪಾಯಿಗೆ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಔಷಧಿ ಇಲ್ಲದ ಕಾಲದಲ್ಲಿ ನಮ್ಮ ಕೈಯಲ್ಲಿ ಉಳಿದದ್ದು ಆ ತೂಬೊಂದೇ. ಅದನ್ನೂ ಕಿತ್ತುಕೊಂಡರು, ಅದಕ್ಕೆ ನನ್ನ ತಕರಾರು.

ಹೆಚ್ಚು ಆಹಾರ ಬೆಳೆಯಬೇಕು ಎಂಬ ಆಜ್ಞೆ ಬಂತು. ಮಂಡ್ಯದ ಪ್ರವಾಸಿ ಬಂಗಲೆಯಲ್ಲಿ ಸಭೆ ಸೇರಿತು. ಬೆಂಗಳೂರಿನಿಂದ ಒಬ್ಬ ಆಹಾರ ಸಲಹೆಗಾರರು ಬಂದಿದ್ದರು, ಅಂಕಿಅಂಶದಲ್ಲಿ ಬಹಳ ದೊಡ್ಡ ಹೆಸರು. ನಾಲೆಯ ಎಂಜಿನಿಯರು, ಕಂದಾಯದವರು, ನಮ್ಮ ಡಾಕ್ಟರು ಮೇಜಿನ ಸುತ್ತ ಕೂತರು. ನಾನು ನಕ್ಷೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ನೀರು ನಿಲ್ಲಿಸುವ ಪದ್ಧತಿ ಬಿಟ್ಟು ಇಡೀ ಹಂಗಾಮು ತೂಬು ತೆರೆದಿಡಬೇಕು, ಊರಿನ ಅಂಚಿನವರೆಗೂ ಭತ್ತ ಹಾಕಿಸಬೇಕು ಎನ್ನುವುದು ಸಲಹೆಗಾರರ ಸೂಚನೆ.

“ಹೀಗೆ ಮಾಡಿದರೆ ಜ್ವರ ಹೆಚ್ಚುತ್ತದೆ ಎನ್ನುತ್ತೀರಿ, ಅಲ್ಲವೇ ಡಾಕ್ಟರ್?” ಎಂದು ಅವರು ಕೇಳಿದರು.

“ಹೌದು.”

“ಎಷ್ಟು ಹೆಚ್ಚುತ್ತದೆ?”

“ಮುಂಚಿತವಾಗಿ ಹೇಳುವುದು ಕಷ್ಟ. ಮಳೆಯ ಮೇಲೆ ಹೋಗುತ್ತದೆ, ಬಿಸಿಲಿನ ಮೇಲೆ ಹೋಗುತ್ತದೆ.”

“ಹೆಚ್ಚುವುದಾದರೂ ಖಚಿತವೇ?”

ನಮ್ಮ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಸತ್ಯವಂತರು ನೋಡಿ. “ನಮ್ಮ ಶಾಸ್ತ್ರದಲ್ಲಿ ಖಚಿತ ಎನ್ನುವ ಮಾತನ್ನು ಸುಲಭವಾಗಿ ಆಡುವುದಿಲ್ಲ. ಬಹುಮಟ್ಟಿಗೆ...”

“ಅಂದರೆ ಖಚಿತವಿಲ್ಲ,” ಎಂದರು ಸಲಹೆಗಾರರು. “ಅಕ್ಕಿ ಬೇಕಾಗಿರುವುದು ಖಚಿತ.”

ನಾಲೆಯ ಎಂಜಿನಿಯರಿಗೆ ಎಲ್ಲ ತಿಳಿದಿತ್ತು. ಬಿಳಿಕಲ್ಲುದೊಡ್ಡಿಯ ತೂಬು ಎತ್ತಿ ಇಳಿಸಿದವರೇ ಅವರು. ಕಿಟಕಿಯ ಆಚೆ ಹೊಂಗೆಮರವನ್ನೇ ನೋಡುತ್ತಾ ಕೂತರು. ಒಂದು ಹಾಳೆ ಮೇಜಿನ ಮೇಲೆ ಸರಿದು ಡಾಕ್ಟರ ಮುಂದೆ ಬಂತು. ‘ಆರೋಗ್ಯ ಇಲಾಖೆಯ ಆಕ್ಷೇಪಣೆ ಇಲ್ಲ’ ಎಂದು ಅದರಲ್ಲಿ ಬೆರಳಚ್ಚು ಮಾಡಿ ಆಗಿತ್ತು, ಸಭೆಗೆ ಮುಂಚೆಯೇ. ಅವರು ಸಹಿ ಹಾಕಿದರು. ಆಮೇಲೆ ಕಾಫಿ ಬಂತು.

ವಾಪಸು ಜಟಕಾದಲ್ಲಿ ನಾನು ತಡೆಯಲಾರದೆ ಕೇಳಿದೆ.

“ಯಾಕೆ ಸಾರ್ ಸಹಿ ಹಾಕಿದಿರಿ?”

“ಕಲ್ಕತ್ತೆಯ ಬೀದಿಯಲ್ಲಿ ಜನ ಗಂಜಿತಿಳಿಗೆ ಬಾಯಿ ಬಿಟ್ಟು ಸಾಯುತ್ತಿದ್ದಾರೆ, ಪತ್ರಿಕೆಯಲ್ಲಿ ಓದಿದೆಯಾ? ಇಲ್ಲೂ ಹಾಗಾದರೆ? ಜ್ವರ ಹಸಿವಿಗಿಂತ ದೊಡ್ಡದು ಎಂದು ಯಾವ ಬಾಯಲ್ಲಿ ಹೇಳಲಿ ಬೋರೇಗೌಡ?”

“ದೊಡ್ಡದು ಅನ್ನಬೇಡಿ ಸಾರ್. ಜ್ವರ ಬರುತ್ತದೆ ಅನ್ನಿ. ಬಂದದ್ದು ಬರಲಿ, ಅಕ್ಕಿ ಬೇಕು ಅಂತ ಅವರು ಬರೆದುಕೊಳ್ಳಲಿ, ಅವರ ಹೆಸರಲ್ಲಿ. ನಮ್ಮ ಹೆಸರಲ್ಲಿ ಆಕ್ಷೇಪಣೆ ಇಲ್ಲ ಅಂತ ಯಾಕೆ?”

ಗುತ್ತಲಿನ ತಿರುವಿನಲ್ಲಿ ಇಳಿದು ನಮಸ್ಕಾರವನ್ನೂ ಹೇಳದೆ ನಡೆದುಬಿಟ್ಟೆ. ಅವರ ವಾದದಲ್ಲಿ ಹುರುಳಿರಲಿಲ್ಲ ಎಂದಲ್ಲ. ಆ ವರ್ಷದ ಬಂಗಾಳದ ಸುದ್ದಿ ಓದಿ ಯಾರ ಮನಸ್ಸೂ ನೆಟ್ಟಗಿರಲಿಲ್ಲ. ಆದರೆ ತಿಳಿದವನನ್ನು ಸಭೆಗೆ ಕರೆಯುವುದು ತಿಳಿದದ್ದನ್ನು ಹೇಳಲಿ ಎಂದು. ಹಸಿವು ದೊಡ್ಡದೋ ಜ್ವರ ದೊಡ್ಡದೋ ಎಂದು ತೂಗುವವರು ಬೇರೆ ಇದ್ದರು, ಅವರಿಗೆ ತಕ್ಕಡಿಯ ಎರಡು ತಟ್ಟೆಯೂ ಕಾಣಬೇಕಿತ್ತು. ಇವರು ಒಂದು ತಟ್ಟೆಯನ್ನು ತಾವೇ ತೆಗೆದು ಕೆಳಗಿಟ್ಟರು.

ಆ ಹಂಗಾಮಿನಲ್ಲಿ ಬಿಳಿಕಲ್ಲುದೊಡ್ಡಿಯ ಮನೆಗಳ ಹಿತ್ತಿಲಿಗೇ ಭತ್ತ ಬಂತು. ಹಾಕದಿದ್ದರೆ ದಂಡ ಎಂದು ಅಮಲ್ದಾರರು ಡಂಗುರ ಸಾರಿಸಿದ್ದರು. ಪುಟ್ಟತಾಯಮ್ಮ ನನ್ನನ್ನು ಕೂಗಿ ಕೇಳಿದಳು.

“ಓದ್ ವರ್ಸ ಬ್ಯಾಡ ಅಂದೋರು ಈ ವರ್ಸ ಆಕು ಅಂತೀರಲ್ಲಾ. ಸೊಳ್ಳೆ ಏನ್ ಸರ್ಕಾರದ್ ಮಾತ್ ಕೇಳಿ ಊರ್ ಬುಟ್ಟೋಯ್ತಾ?”

“ಬುಟ್ಟಿಲ್ಲ ಕಣವ್ವ. ಜ್ವರ ಬತ್ತದೆ. ನಾನ್ ಏಳೋದ್ ಏಳಿವ್ನಿ, ಯಾರೂ ಕೇಳ್ನಿಲ್ಲ. ಮಕ್ಕಳ್ನ ಸಂಜೆ ಒತ್ತು ಈಚೆ ಬುಡ್ಬ್ಯಾಡ, ಬೇವಿನ್ ಸೊಪ್ಪಿನ್ ಹೊಗೆ ಹಾಕು.”

ಹೇಳುವಾಗ ನನಗೇ ನಾಚಿಕೆಯಾಯಿತು. ಬೇವಿನ ಹೊಗೆಯೇ ಸಾಕಾಗಿದ್ದರೆ ನಾವೆಲ್ಲ ಯಾಕೆ ಬೇಕಿತ್ತು?

ಮಳೆ ಹಿಂದಾದ ಮೇಲೆ ಜ್ವರ ಎದ್ದಿತು. ಮೊದಲು ಮಕ್ಕಳು, ಆಮೇಲೆ ದೊಡ್ಡವರು. ಭತ್ತ ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಊರಲ್ಲಿ ನೆಟ್ಟಗೆ ನಿಲ್ಲುವ ಕಾಲು ಇರಲಿಲ್ಲ. ಹಗಲು ಹೊತ್ತಿನಲ್ಲಿ ಮನೆಮನೆಯೊಳಗೆ ಕಂಬಳಿ ಹೊದ್ದು ನಡುಗುವವರ ಹಲ್ಲಿನ ಸದ್ದು ಬೀದಿಗೆ ಕೇಳುತ್ತಿತ್ತು. ನಾನು ಮಾತ್ರೆಗಾಗಿ ಮಂಡ್ಯಕ್ಕೆ ಓಡಿದೆ, ಇಲ್ಲ. ಮದ್ದೂರಿಗೆ ಬಂದೆ, ಅಲ್ಲಿ ಒಬ್ಬ ಕ್ವಿನೈನು ಎಂದು ಸೀಮೆಸುಣ್ಣ ಬೆರೆಸಿದ ಪುಡಿ ಮಾರುತ್ತಿದ್ದ. ಅವನ ಅಂಗಡಿಯ ಭರಣಿಯನ್ನು ನಡುಬೀದಿಗೆ ಒಗೆದು ಬಂದೆ. ಅದರಿಂದ ಯಾರ ಜ್ವರವೂ ಇಳಿಯಲಿಲ್ಲ.

ಸಾಕಮ್ಮ ಆಗ ತುಂಬಿದ ಬಸುರಿ. ಚೊಚ್ಚಲು. ಬಸುರಿಯರಿಗೆ ಈ ಜ್ವರ ಎರಡು ಪಟ್ಟು ಕೇಡು ಎಂದು ಓದಿದ್ದೆವು, ನಮ್ಮ ಡಾಕ್ಟರೇ ಪಾಠ ಮಾಡಿದ್ದರು. ಹೇಗೋ ಬೇಡಿ ತಂದ ಕೆಲವು ಮಾತ್ರೆ ಹಿಡಿದು ನಾನು ಆ ಮನೆಗೆ ಹೋದಾಗ ಬೀದಿಯಲ್ಲಿ ಬೆಂಕಿ ಹಾಕಿದ್ದರು. ತಾಯಿಯೂ ಹೋಗಿದ್ದಳು, ಮಗುವೂ ಹೋಗಿತ್ತು. ಪುಟ್ಟತಾಯಮ್ಮ ತಾನೇ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದಳು. ಸೊಸೆ ಸತ್ತದ್ದು ಅವಳಿಗೆ ತಿಳಿದದ್ದು ಮಣ್ಣಾದ ಮೇಲೆ. ಆ ಮಾತ್ರೆಗಳನ್ನು ಅತ್ತೆಗೆ ನುಂಗಿಸಿದೆ. ಆ ಹುಡುಗಿಯ ಪಾಲಿನ ಮಾತ್ರೆ ಇವಳನ್ನು ಉಳಿಸಿತು.

ಹೆಚ್ಚು ಬೆಳೆ ಎಂದು ಬೆಳೆಸಿದ ಭತ್ತವನ್ನು ಕುಯ್ಯುವವರು ಇರಲಿಲ್ಲ. ಅಕ್ಕಪಕ್ಕದ ಊರಲ್ಲೂ ಅದೇ ಪಾಡು, ಆಳು ಎಲ್ಲಿಂದ ಬರಬೇಕು? ಕಾಳು ನಿಂತಲ್ಲೇ ಉದುರಿತು, ತೆನೆ ಕೆಸರಿಗೆ ಒರಗಿ ಮೊಳಕೆ ಒಡೆಯಿತು, ಉಳಿದದ್ದು ಇಲಿ ಗುಬ್ಬಿಗಳ ಪಾಲು.

ಸರ್ಕಾರಕ್ಕೆ ಕೊಡಬೇಕಾದ ಭತ್ತ ಆ ಊರಿಂದ ಬರಲಿಲ್ಲ. ಬೆಂಗಳೂರಿನಲ್ಲಿ ಕೂತವರು ಅದಕ್ಕೆ ಕಂಡುಕೊಂಡ ಕಾರಣ ಏನು ಗೊತ್ತೇ? ರೈತರು ಬಚ್ಚಿಟ್ಟಿದ್ದಾರೆ! ಕಾಳಸಂತೆಗೆ ಮಾರುತ್ತಾರೆ! ಜವಾನರ ದಂಡು ಬಂದು ಮನೆಯೊಳಗಿನ ಕಾಳಿನ ವಾಡೆಗಳಿಗೆ ಕೈ ಹಾಕಿತು, ನೆಲದೊಳಗಿನ ಹಗೇವುಗಳಿಗೆ ಸಲಾಕೆ ಹಾಕಿ ತಿವಿಯಿತು. ಅದೇ ಆಹಾರ ಸಲಹೆಗಾರರು ಕಾರಿನಲ್ಲಿ ಬಂದರು. ನಮ್ಮ ಡಾಕ್ಟರನ್ನೂ ಕರೆತಂದಿದ್ದರು. ನಾನು ಅಲ್ಲೇ ಇದ್ದೆ.

ಪುಟ್ಟತಾಯಮ್ಮ ಮನೆಯಿಂದ ಈಚೆ ಬಂದಳು. ಕಂಬಳಿ ಹೊದ್ದಿದ್ದಳು, ಕೋಲು ಊರಿದ್ದಳು. ಮುಖ ಹಳದಿ ತಿರುಗಿತ್ತು.

“ಬಚ್ಚಿಟ್ಟಿರೋ ಬತ್ತ ಬೇಕಾ ಬುದ್ಧಿ? ಬನ್ನಿ, ತೋರುಸ್ತೀನಿ.”

ಸಲಹೆಗಾರರ ಮುಖ ಅರಳಿತು. ಎಲ್ಲರೂ ಅವಳ ಹಿಂದೆ ಹೊರಟರು. ಅವಳು ನೇರವಾಗಿ ಹಿತ್ತಿಲಿನ ಗದ್ದೆಗೆ ಕರೆದುಕೊಂಡು ಹೋಗಿ, ಕೋಲಿನಿಂದ ಕೆಸರು ಕೆದಕಿದಳು. ಮೊಳಕೆ ಬಂದ ಕಾಳು ಮೇಲೆದ್ದವು.

“ಇಲ್ಲೇ ಬಚ್ಚಿಟ್ಟಿವ್ನಿ. ಬಾಚ್ಕಳಿ. ಯಾರ್ ಬ್ಯಾಡ ಅಂತಾರೆ?”

ಅವಳು ಪದ್ಮನಾಭಯ್ಯನವರ ಕಡೆ ತಿರುಗಿದಳು.

“ಡಾಕ್ಟ್ರಪ್ಪ, ನೀವು ತಿಳ್ದೋರು. ಇಂಗಾಯ್ತದೆ ಅಂತ ನಿಮ್ಗೆ ಗೊತ್ತಿತ್ತಾ?”

ಸಲಹೆಗಾರರು ಇಂಗ್ಲಿಷಿನಲ್ಲಿ, ಇದಕ್ಕೆಲ್ಲ ಉತ್ತರ ಕೊಡಬೇಕಾಗಿಲ್ಲ ಎಂದರು. ಡಾಕ್ಟರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಗೊತ್ತಿತ್ತು ತಾಯಿ.”

“ಗೊತ್ತಿದ್ದೂ ಊಂ ಅಂದ್ರಾ?”

“ಅಂದೆ.”

“ಗೊತ್ತಿಲ್ದೋರ್ ಮಾಡಿದ್ರೆ ಅಣೇಬರಾ ಅನ್ಕಂಡು ಸುಮ್ಕಿರ್ತಿದ್ದೆ. ಗೊತ್ತಿದ್ದೋರೇ ಮಾಡುದ್ರಲ್ಲಾ, ಇದ್ಕೆ ಏನಂತ ಅನ್ಲಿ ನಾನು?”

ಅವಳು ಬೈಯಲಿಲ್ಲ, ಮಣ್ಣು ತೂರಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು, ಅದಕ್ಕೆ ಏನು ಹೆಸರಿಡಬೇಕು ಎಂದು. ಡಾಕ್ಟರ ಕಣ್ಣಿಂದ ನೀರು ಬಂತು. ನನಗೆ ಅದನ್ನು ನೋಡಿ ಕನಿಕರ ಬರಲಿಲ್ಲ, ಸಿಟ್ಟೇ ಬಂತು. ಸಹಿ ಹಾಕುವ ಮುಂಚೆ ಬರಬೇಕಾದ ಕಣ್ಣೀರು ಅದು.

ಆಗ ಸಲಹೆಗಾರರು ಕನ್ನಡದಲ್ಲೇ ಒಂದು ಮಾತು ಆಡಿದರು. “ಹಳ್ಳಿಯವರು ಚೊಕ್ಕಟವಾಗಿದ್ದರೆ ಜ್ವರ ಯಾಕೆ ಬರುತ್ತೆ?”

ನನಗೆ ಮೈಮೇಲೆ ಬಂದ ಹಾಗಾಯಿತು. “ಸ್ವಾಮಿ, ಹೋದ ಎರಡು ವರ್ಷವೂ ಇದೇ ಜನ, ಇದೇ ಕೊಟ್ಟಿಗೆ, ಇದೇ ತಿಪ್ಪೆ. ಜ್ವರ ಇರಲಿಲ್ಲ. ಈ ವರ್ಷ ಹೊಸದಾಗಿ ಬಂದದ್ದು ಒಂದೇ, ನಿಮ್ಮ ಆಜ್ಞೆ. ಚೊಕ್ಕಟ ಮಾಡಬೇಕಾದದ್ದು ಅದನ್ನು!” ಎಂದು ಊರೆಲ್ಲ ಕೇಳುವ ಹಾಗೆ ಕೂಗಿದೆ. ಬೇಕೆಂದೇ ಕನ್ನಡದಲ್ಲಿ ಕೂಗಿದೆ.

ನನ್ನನ್ನು ಮಳವಳ್ಳಿಗೆ ಎತ್ತಿಹಾಕಿದರು. ಬಡ್ತಿಯ ಮಾತು ಅಲ್ಲಿಗೆ ನಿಂತಿತು, ಅದನ್ನು ಬಿಡಿ. ಮರುವರ್ಷ ಆ ಕಾಲುವೆಯ ತೂಬನ್ನು ಮತ್ತೆ ಹಳೆಯ ಕ್ರಮಕ್ಕೇ ತಂದರು, ಸದ್ದಿಲ್ಲದೆ. ತಪ್ಪಾಗಿತ್ತು ಎಂದು ಎಲ್ಲೂ ಬರೆಯಲಿಲ್ಲ. ಸಲಹೆಗಾರರು ಇನ್ನೂ ದೊಡ್ಡ ಸಮಿತಿಗೆ ಹೋದರು. ಪದ್ಮನಾಭಯ್ಯನವರು ರಜೆ ಹಾಕಿ, ಆಮೇಲೆ ಬೆಂಗಳೂರಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಹೋದರು. ಹೊರಡುವ ಮುಂಚೆ ಮಳವಳ್ಳಿಗೆ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎಂದೆ, ಬರಲಿಲ್ಲ.

“ಖಚಿತವೇ ಎಂದು ನನ್ನನ್ನು ಕೇಳಿದರು. ಭತ್ತ ಕೈಗೆ ಬರುವುದು ಖಚಿತವೇ ಎಂದು ಅವರನ್ನು ನಾನು ಕೇಳಬೇಕಿತ್ತು,” ಎಂದರು.

“ಹೌದು ಸಾರ್, ಕೇಳಬೇಕಿತ್ತು,” ಎಂದೆ. ಸಮಾಧಾನದ ಮಾತು ನನ್ನ ಬಾಯಿಂದ ಬರಲಿಲ್ಲ. ಅವರೂ ಅದಕ್ಕಾಗಿ ಬಂದಿರಲಿಲ್ಲ ಎಂದು ಕಾಣುತ್ತದೆ.

ಹೊಸದಾಗಿ ಸೇರಿದ ಹುಡುಗರೇ, ಇದನ್ನು ನೀವು ಗಂಟು ಹಾಕಿಕೊಳ್ಳಿ. ಎದೆ ತಟ್ಟಿ ಹೇಳುವವನಿಗೆ ಸಭೆಯಲ್ಲಿ ಬೆಲೆ. ‘ಬಹುಮಟ್ಟಿಗೆ’ ಎನ್ನುವ ಪ್ರಾಮಾಣಿಕನ ಬಾಯಿಂದ ಆ ಮಾತನ್ನೇ ಕಿತ್ತು ಅವನಿಗೇ ಹೊಡೆಯುತ್ತಾರೆ. ಅನುಮಾನ ಇದ್ದರೆ ಅನುಮಾನವನ್ನೇ ಬರೆಯಿರಿ, ಆದರೆ ನೀವೇ ಬರೆಯಿರಿ. ಇನ್ನೊಬ್ಬರು ಬರೆದು ತಂದದ್ದಕ್ಕೆ ಸಹಿ ಹಾಕಬೇಡಿ.

ಯುದ್ಧ ಮುಗಿದ ಮೇಲೆ ಡಿ.ಡಿ.ಟಿ. ಬಂತು. ಸಿಪಾಯಿಗಳಿಗಾಗಿ ಮಾಡಿದ ಔಷಧಿ. ಗೋಡೆಗೆ ಹೊಡೆದರೆ ತಿಂಗಳುಗಟ್ಟಲೆ ಸೊಳ್ಳೆ ಅಲ್ಲಿ ಕೂತು ಸಾಯುತ್ತಿತ್ತು. ಅದರ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ, ಜ್ವರ ಇಳಿದದ್ದನ್ನು ಕಣ್ಣಾರೆ ಕಂಡೆ. ಜನಕ್ಕೆ ಸೊಳ್ಳೆಗಿಂತ ತಗಣೆ ಸತ್ತದ್ದೇ ದೊಡ್ಡ ಸಂತೋಷ. “ಇನ್ನೊಂದ್ ಸಲ ವಡೀರಿ ಸ್ವಾಮಿ” ಎಂದು ಮಂಚ ಎತ್ತಿಕೊಂಡು ಹಿಂದೆ ಬರುತ್ತಿದ್ದರು. ತೂಬು ಇಳಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಪುಡಿ ಇದೆಯಲ್ಲ, ನೀರಿನ ಗೊಡವೆ ಯಾಕೆ ಎಂದರು.

ಸ್ವಾತಂತ್ರ್ಯ ಬಂದ ವರ್ಷ ಬೆಳಕವಾಡಿ ದಾರಿಯ ಊರುಗಳಿಗೆ ಡಿ.ಡಿ.ಟಿ. ಹೊಡೆಯುವ ಆಜ್ಞೆ ಬಂತು. ಯಾವ ದಿನ ಯಾವ ಊರು ಎಂದು ಬೆಂಗಳೂರಿನಲ್ಲೇ ಗೊತ್ತು ಮಾಡಿದ್ದರು. ಒಂದು ಮನೆಯೂ ಬಿಡಕೂಡದು. ಆ ಊರುಗಳಲ್ಲಿ ಮನೆಮನೆಯೊಳಗೂ ರೇಷ್ಮೆಹುಳು. ಸೊಳ್ಳೆಯೂ ಹುಳು, ಇದೂ ಹುಳು. ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನು ಕೇಳಿ ಬಿಡುತ್ತದೆಯೇ? ಇದು ತಿಳಿಯಲು ವಿದೇಶಕ್ಕೆ ಹೋಗಬೇಕಾಗಿರಲಿಲ್ಲ. ನಾನು ಮೊದಲ ಸರದಿಯ ಊರಿಗೆ ಮುಂಚಿತವಾಗಿ ಹೋಗಿ ಹೆಂಗಸರನ್ನು ಸೇರಿಸಿ, ಈ ಔಷಧಿಯಿಂದ ಜ್ವರ ತಪ್ಪುತ್ತದೆ, ಹುಳು ಸಾಯುತ್ತದೆ, ಎರಡೂ ನಿಜ ಎಂದು ಬಿಡಿಸಿ ಹೇಳಿದೆ. ಹುಳು ಸಾಕುವುದರಲ್ಲಿ ಊರಿಗೇ ಹಿರಿಯಳು ಚೌಡಮ್ಮ ಎಂಬಾಕೆ.

“ನಾಕ್ನೇ ಜ್ವರ ಎದ್ದವೆ ಕಣಪ್ಪ. ಇನ್ನೊಂದ್ ವಾರಕ್ಕೆ ಅಣ್ಣಾಯ್ತವೆ. ಗೂಡ್ ಬುಡಿಸ್ಕಂಡ ಮ್ಯಾಲೆ ಬಂದು ಏನಾದ್ರೂ ವಡ್ಕಳಿ,” ಎಂದಳು.

ಹುಳು ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ, ಗೂಡು ಕಟ್ಟಲು ಬಲಿತರೆ ಹಣ್ಣಾಯಿತು ಎನ್ನುತ್ತಾರೆ. ಇಷ್ಟು ವರ್ಷ ಜ್ವರದ ಇನ್ಸ್‌ಪೆಕ್ಟರ್ ಆಗಿದ್ದರೂ ಒಳ್ಳೆಯ ಜ್ವರದ ಸುದ್ದಿ ಕೇಳಿದ್ದು ಅದೇ ಮೊದಲು.

ಗೊತ್ತುಮಾಡಿದ ದಿನ ನನ್ನ ಹೊಸ ಮೇಲಧಿಕಾರಿ ಡಾಕ್ಟರ್ ಜಯದೇವರು ಲಾರಿ, ಪಂಪು, ಆಳುಗಳೊಂದಿಗೆ ಬಂದಿಳಿದರು. ಚಿಕ್ಕ ವಯಸ್ಸು, ಚುರುಕು. ಹೆಂಗಸರು ಬಾಗಿಲುಗಳಲ್ಲಿ ಅಡ್ಡ ನಿಂತಿದ್ದರು. ನಾನೂ ಅವರ ಪಕ್ಕಕ್ಕೆ ಹೋಗಿ ನಿಂತೆ.

“ಏನ್ರೀ ಇದು? ನೀವು ಯಾರ ಕಡೆ ಬೋರೇಗೌಡರೇ?”

“ಹುಳು ಗೂಡು ಕಟ್ಟೋವರೆಗೆ ಈ ಕಡೆ ಸಾರ್. ಆಮೇಲೆ ನಿಮ್ಮ ಕಡೆ. ಪಂಪು ನಾನೇ ಹೊರುತ್ತೇನೆ.”

“ಹೊಡೆಯುವುದು ಗೋಡೆಗೆ, ಹುಳುವಿಗಲ್ಲ. ಏನೂ ಆಗುವುದಿಲ್ಲ. ತಿಳಿದವರೇ ತೀರ್ಮಾನ ಮಾಡಿದ್ದಾರೆ.”

“ಹುಳು ಸಾಕುವ ಮನೆಯಲ್ಲಿ ಹೊಡೆದು ನೋಡಿದ್ದಾರಾ ಸಾರ್?”

ಚೌಡಮ್ಮ ಒಳಗೆ ಹೋಗಿ ಒಂದು ಬಿದಿರು ತಟ್ಟೆ ಎತ್ತಿಕೊಂಡು ಬಂದಳು. ಬೆರಳುದ್ದದ ಬಿಳಿ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಸರಸರನೆ ಮೇಯುತ್ತಿದ್ದವು, ಎಲೆಯ ಮೇಲೆ ಹನಿ ಬಿದ್ದ ಹಾಗೆ ಸದ್ದು.

“ಆ ಕಡೆ ಕೊಟ್ಟಿಗೆ ಗ್ವಾಡೆಗೆ ವಡೀರಿ. ಈ ತಟ್ಟೆ ಅಲ್ಲಿ ಇಕ್ಕಿ ನೋಡವಾ. ನೆಟ್ಟಗಿದ್ರೆ ನಾನೇ ಬಾಗ್ಲು ತೆಗಿತೀನಿ.”

ಜಯದೇವರು ಒಪ್ಪಿದರು. ಅದಕ್ಕೆ ಅವರನ್ನು ಇವತ್ತಿಗೂ ಮೆಚ್ಚುತ್ತೇನೆ. ಕೊಟ್ಟಿಗೆಯ ಗೋಡೆಗೆ ಹೊಡೆಸಿ, ತಟ್ಟೆಯನ್ನು ಅದಕ್ಕೆ ಒರಗಿಸಿದರು. ಎಲೆ ಅಡಿಕೆ ಮೆಲ್ಲುತ್ತಾ ಕಾದೆವು. ಮೇಯುವ ಸದ್ದು ಮೊದಲು ನಿಂತಿತು. ಹುಳುಗಳು ತಲೆ ಎತ್ತಿ ಆ ಕಡೆ ಈ ಕಡೆ ತೂಗಿದವು, ಹಸಿರು ರಸ ಕಕ್ಕಿದವು, ಸುರುಟಿಕೊಂಡವು. ಜಯದೇವರು ಮಂಡಿಯೂರಿ ಕೂತು, ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡು, ಅದು ನಿಶ್ಚಲವಾಗುವವರೆಗೂ ನೋಡಿದರು. ಎದ್ದು ಆಳುಗಳಿಗೆ, “ಪಂಪು ಇಳಿಸಿ” ಎಂದರು.

ಸತ್ತ ಹುಳುಗಳನ್ನು ಮೊಮ್ಮಗಳು ಕೋಳಿಗೆ ಎಸೆಯಲು ಹೊರಟಾಗ ಚೌಡಮ್ಮ, “ಆಕ್ಬ್ಯಾಡ ಕಣೇ, ವಿಸ ಅದು” ಎಂದು ತಟ್ಟೆ ಕಸಿದುಕೊಂಡಳು. ಹಿತ್ತಿಲಲ್ಲಿ ಗುಣಿ ತೋಡಿ ಹೂತಳು. ಕೈ ತೊಳೆದು ಬಂದು ಜಯದೇವರ ಮುಂದೆ ನಿಂತಳು.

“ಇನ್ಮ್ಯಾಕಾದ್ರೂ ಮೊದ್ಲು ಒಂದ್ ತಟ್ಟೆ ಮ್ಯಾಲೆ ನೋಡಿ ಸ್ವಾಮಿ. ಆಮ್ಯಾಕೆ ಊರ್ ಮ್ಯಾಲೆ ನೋಡೀರಂತೆ.”

ಗೂಡು ಬಿಡಿಸಿದ ಮೇಲೆ ಅದೇ ಹೆಂಗಸರು ಬಾಗಿಲು ತೆಗೆದರು. ಹೇಳಿದಂತೆ ನಾನೇ ಪಂಪು ಹೊತ್ತೆ. ಜಯದೇವರು ವರದಿ ಬರೆದರು, ರೇಷ್ಮೆ ಸಾಕುವ ಎಲ್ಲ ತಾಲ್ಲೂಕುಗಳಿಗೂ ಈ ಎಚ್ಚರಿಕೆ ಹೋಗಬೇಕು ಎಂದು. ಕೊನೆಯಲ್ಲಿ ಚೌಡಮ್ಮನ ಮಾತನ್ನು ಅವಳ ಹೆಸರಿನೊಂದಿಗೇ ಸೇರಿಸಿದರು. ಇಂಗ್ಲಿಷಿಗೆ ತಿರುಗಿಸಲು ನಾವಿಬ್ಬರೂ ಒಂದು ಸಂಜೆಯೆಲ್ಲ ಒದ್ದಾಡಿದೆವು.

ವರದಿ ಬೆಂಗಳೂರಿನಿಂದ ಅಚ್ಚಾಗಿ ಬಂತು. ತಡ ಮಾಡಿದ್ದಕ್ಕೆ ನಮ್ಮಿಬ್ಬರಿಗೂ ಛೀಮಾರಿ ಜೊತೆಗಿತ್ತು. ಚೌಡಮ್ಮನ ಮಾತು ಅದರಲ್ಲಿ ಇರಲಿಲ್ಲ. ಎಚ್ಚರಿಕೆಯ ಪುಟವೂ ಇರಲಿಲ್ಲ. ಮುಂದಿನ ಹಂಗಾಮಿನಲ್ಲಿ ಇನ್ನೊಂದು ತಾಲ್ಲೂಕಿನ ಊರೊಂದರಲ್ಲಿ ಒಂದೇ ದಿನ ಅಷ್ಟೂ ಮನೆಯ ಹುಳು ಸತ್ತವು.

ಆ ಪುಟ ಕಿತ್ತವನು ಯಾರು ಎಂದು ಬಹಳ ಹುಡುಕಿದೆ, ಸಿಗಲಿಲ್ಲ. ಬದುಕಿದ್ದರೆ ಅವನೂ ನನ್ನ ಹಾಗೆ ನಿವೃತ್ತನಾಗಿ ಎಲ್ಲೋ ಜಗುಲಿಯ ಮೇಲೆ ಕೂತಿರಬೇಕು. ಅವನ ಮನೆ ಗೊತ್ತಿದ್ದವರು ನನಗೆ ತಿಳಿಸಿ. ಮಂಡಿ ನೋವಿದೆ, ಆದರೂ ಬರುತ್ತೇನೆ.